ಕಾಕಾ ಪಾಸ್ ಮಾಡದ ರೊಟ್ಟಿ

ತಾನು ಬಡಿದ ರೊಟ್ಟಿಯನ್ನು ತಾನೇ ರಿಜೆಕ್ಟ್ ಮಾಡಿ ಉಪವಾಸ ಮಲಗುವ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ತೆಲುಗು ನಾಡಿನ ಬಾಲಾನಗರಕ್ಕೆ ಬನ್ನಿ, ನಮ್ಮ ಕಾಕಾನನ್ನು ತೋರಿಸುತ್ತೇನೆ. ಬರುವಾಗ ಊಟ ಮುಗಿಸಿಕೊಂಡೇ ಬನ್ನಿ!

ಕಾಕಾ ಇಲ್ಲಿಯ ಸರಕಾರಿ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದ. ಸರ್ವಿಸ್ ಪೂರ್ತಿ ಒಂದು ಮೊಳೆಯನ್ನೂ ತಾನು ಮಾಡಲಿಲ್ಲ. ಬೇರೆಯವರು ಮಾಡಿದ್ದನ್ನು ಅಳೆದು, ಕೆಂಪು ಬಣ್ಣ ಬಳಿದು ವಾಪಸು ಕಳಿಸಿದ. ಮನೆಯಲ್ಲೂ ಅದೇ ಚಾಳಿ. ಹೆಂಡತಿ, ಅಂದರೆ ನಮ್ಮ ಕಾಕು, ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಅಂಚು ದಪ್ಪ ಆಗೇತಿ" ಎನ್ನದೆ ಆತ ತುತ್ತು ಮುರಿದದ್ದಿಲ್ಲ.

ಊರೆಲ್ಲ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ಆ ವರ್ಷಗಳಲ್ಲಿ ಕಾರ್ಖಾನೆ ಕಾಕಾನಿಗೆ ಸ್ವಯಂ ನಿವೃತ್ತಿ ಕೊಟ್ಟು ಮನೆಗೆ ಕಳಿಸಿತು. ಅದೇ ಚಳಿಗಾಲದಲ್ಲಿ ಕಾಕುಗೆ ಲಕ್ವಾ ಹೊಡೆದು ಬಲಗೈ ಸತ್ತಿತು. ಆಕೆಗೆ ಅನ್ನ ಸೇರದು, ಜೋಳದ ರೊಟ್ಟಿಯೇ ಆಗಬೇಕು. ದಿನದಿನಕ್ಕೆ ಇಳಿಯತೊಡಗಿದಳು. ರೊಟ್ಟಿ ತಾನೇ ಬಡಿಯುತ್ತೇನೆಂದು ಕಾಕಾ ಪಟ್ಟು ಹಿಡಿದ.

ಹೈಟೆಕ್ ಸಿಟಿಯ ಕಂಪನಿಯೊಂದಕ್ಕೆ ಸೇರಿ ಅವರ ಮನೆಯಲ್ಲೇ ಠಿಕಾಣಿ ಹೂಡಿದ್ದ ನಾನು ವಾದ ಮಂಡಿಸಿದೆ. (ಚರ್ಚಾಸ್ಪರ್ಧೆಯ ನನ್ನ ಕಪ್ಪುಗಳು ಧಾರವಾಡದಲ್ಲಿ ಈಗಲೂ ಧೂಳು ತಿನ್ನುತ್ತಿವೆ!)

"ಕಾಕಾ, ಮೆಹದಿಪಟ್ಟಣಂದಾಗ ರೊಟ್ಟಿ ಮಾಡಿ ಮಾರ್ತಾರ. ತಂದರ ಮುಗೀತು. ಒಂದು, ನಿನಗ ಬರೂದಿಲ್ಲ. ಎರಡು..."

"ಎರಡನೇದು ನಿನ್ನ ಹಂತೇಕ ಇಟ್ಕೊ. ಇಷ್ಟು ವರ್ಷ ರೊಟ್ಟಿ ನೋಡೇನಿ, ನನಗ ಗೊತ್ತಿಲ್ಲೇನು?"

ನೋಡಿದ್ದಕ್ಕೇ ಬರುವುದಾದರೆ ಟೀವಿಯ ಮುಂದೆ ಕೂತ ನಾವೆಲ್ಲ ಟೆಸ್ಟ್ ಕ್ರಿಕೆಟ್ ಆಡಬೇಕಿತ್ತಲ್ಲವೇ?

ಮೊದಲ ದಿನ ತಣ್ಣೀರಲ್ಲಿ ಹಿಟ್ಟು ನಾದಿದ. ಬಡಿದ ಏಟಿಗೆ ರೊಟ್ಟಿ ಹೋಳಾಯಿತು.

"ನೀರು ಕುದಿಸ್ರಿ, ಹಿಟ್ಟು ಜಿಗಿ ಬರಬೇಕು," ಎಂದಳು ಕುರ್ಚಿಯಲ್ಲಿದ್ದ ಕಾಕು.

ಮರುದಿನ ಕುದಿಯುವ ನೀರಿಗೇ ಕೈ ಹಾಕಿದ! ಬೊಬ್ಬೆ ಎದ್ದ ಅಂಗೈಯ ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡ. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, "ಏಮಂಡೀ, ಇಂಟ್ಲೋ ರಿಪೇರಿನಾ?" ಎಂದು ಮನೆ ರಿಪೇರಿಯ ಬಗ್ಗೆ ತೆಲುಗಿನಲ್ಲಿ ವಿಚಾರಿಸಿದಳು. ಕಾಕು ಒಂದು ತುಣುಕು ಬಾಯಿಗಿಟ್ಟು, ಹೊರಗೆ ತೆಗೆದು, "ಇದನ್ನ ಗಾಲಿ ಮಾಡಿ ಕೂಡಿಸ್ರಿ, ನಾಚಾರಂ ತನಕ ಸೈಕಲ್ ಹೊಡೀಬಹುದು," ಎಂದಳು.

ಆಮೇಲೆ ಪೆಟ್ಟಿಗೆಯಿಂದ ವರ್ನಿಯರ್ ಹೊರಬಂತು. ಕಾರ್ಖಾನೆಯಲ್ಲಿ ದಪ್ಪ ಅಳೆಯುವ ಉಪಕರಣ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ, ಈತ ಅದರ ಅಂಚನ್ನು ಉಕ್ಕಿನ ದವಡೆಗೆ ಸಿಕ್ಕಿಸಿ, ಕನ್ನಡಕ ಏರಿಸಿ ಓದುತ್ತಿದ್ದಾನೆ!

"ಕಾಕಾ, ಹೊಗಿ!"

"ತಡಿ, ರೀಡಿಂಗ್ ತಗೊಳ್ಳಾಕತ್ತೀನಿ."

ಅದು ಇದ್ದಿಲಾಯಿತು. ರಿಜೆಕ್ಟ್. ಮುಂದಿನದು ಒಂದು ಕೂದಲೆಳೆ ದಪ್ಪ. ಅದೂ ರಿಜೆಕ್ಟ್. ಕಾಕು ಗಂಜಿಯನ್ನೂ ಅರ್ಧ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಕಾಕಾ ಹಿಟ್ಟಿನ ಕೈಯನ್ನೇ ನೋಡುತ್ತ ಕುಳಿತ.

"ನನಗ ಬರೂದಿಲ್ಲ ತಮ್ಮಾ. ಇಕಿ ಹಿಂಗ ಹಸಗೊಂಡ ಹೋಗಿಬಿಡ್ತಾಳ."

ನನ್ನ ವಾದ ಗೆದ್ದಿತ್ತು. ಇಷ್ಟು ದರಿದ್ರ ಗೆಲುವನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ಮರುದಿನ ಭಾನುವಾರ. ಅಡುಗೆಮನೆಯಲ್ಲಿ ಬಡಿಯುವ ಸದ್ದೇ ಇಲ್ಲ. ಇಣುಕಿದೆ. ಹಿಟ್ಟು ನಾದುವ ಪರಾತದ ಮುಂದೆ ಇಬ್ಬರೂ ನೆಲಕ್ಕೆ ಕುಳಿತಿದ್ದರು. ಕಾಕುವಿನ ಸತ್ತ ಬಲಗೈಯನ್ನು ಹಿಟ್ಟಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು, ಕಾಕಾ ಮೆಲ್ಲಗೆ ತಟ್ಟುತ್ತಿದ್ದ.

"ಅಷ್ಟು ಹಗರಕ ಬಡದರ ಅಗಲ ಆಗೂದಿಲ್ಲರಿ."

"ನಡುವ ನಿನ್ನ ಕೈ ಐತಿ. ಹೆಂಗ ಬಡೀಲಿ?"

ಆ ಕೈ ಏನೂ ಮಾಡಲಿಲ್ಲ. ಇನ್ನು ಮಾಡುವುದೂ ಇಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಇದರಿಂದ ಯಾವ ಪ್ರಯೋಜನವೂ ಇಲ್ಲವೆಂದು ಸಾಧಿಸಲು ನನ್ನ ಹತ್ತಿರ ಅಂಶಗಳಿದ್ದವು. ಅವನ್ನು ಬದಿಗಿಟ್ಟು ಒಲೆ ಹಚ್ಚಿ ಹಂಚು ಇಟ್ಟೆ.

ರೊಟ್ಟಿ ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ಹರಿದು ಹಂಚಿನಿಂದ ಇಳಿಯಿತು. ವರ್ನಿಯರ್ ಕಿಟಕಿಯಲ್ಲೇ ಇತ್ತು. ಕಾಕಾ ಅದನ್ನು ಮುಟ್ಟಲಿಲ್ಲ, ರೊಟ್ಟಿಯನ್ನು ಬೆಳಕಿಗೂ ಹಿಡಿಯಲಿಲ್ಲ. ತುತ್ತು ಮುರಿದು ಆಕೆಯ ಬಾಯಿಗಿಟ್ಟ.

ಕಾಕು ನಿಧಾನ ಅಗಿದು ನುಂಗಿದಳು.

"ಅಂಚು ದಪ್ಪ ಆಗೇತಿ," ಎಂದಳು. ಇನ್ನೊಂದು ತುತ್ತಿಗೆ ಬಾಯಿ ತೆರೆದಳು.