ಕಂಡಕ್ಟರನ ಹೆಂಡತಿ ಆಡಿಷನ್‌ಗೆ ಹೊರಟಳು

ಇಪ್ಪತ್ತೆರಡು ವರ್ಷಗಳಿಂದ ಸಂಪಾಜೆ–ಮಡಿಕೇರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ನಗುವುದಕ್ಕೆ ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಕೈ ಅಡ್ಡ ಹಿಡಿದು, ಬಸ್ಸು ನಿಲ್ಲಿಸಿ, ಹತ್ತಿ ಕೂರುತ್ತದೆ. ಕೋಳಿಗೆ ವಾಂತಿ ಬರುತ್ತದೆ ಎಂದು ಕಿಟಕಿ ಪಕ್ಕದ ಜಾಗ ಕೇಳಿದವರನ್ನು ಕಂಡಿದ್ದೇನೆ. ಚೀಲ, ಕೊಡೆ, ಕತ್ತಿ ಎಲ್ಲ ನೆನಪಿಟ್ಟು ಇಳಿಸಿಕೊಂಡು, ಹೆಂಡತಿಯನ್ನು ಬಸ್ಸಿನಲ್ಲೇ ಬಿಟ್ಟು ಹೋದವರನ್ನೂ ಕಂಡಿದ್ದೇನೆ. ಆದರೆ ಕಳೆದ ವರ್ಷ ನಡೆದ ತಮಾಷೆಗಳೆಲ್ಲ ಹೊರಟದ್ದು ನಮ್ಮ ಮನೆಯಿಂದಲೇ.

ನನ್ನ ಹೆಂಡತಿಗೆ ನಲವತ್ತೊಂದು ವರ್ಷ. ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಪಿಯುಸಿಯಲ್ಲಿದ್ದಾಗ ಕಾಲೇಜಿನ ನಾಟಕವೊಂದರಲ್ಲಿ ಹಾಡಿ, ಕುಣಿದು, ಅಭಿನಯಿಸಿದ್ದಳಂತೆ. ನೋಡಿದ ಲೆಕ್ಚರರು, "ನೀನು ಮೈಸೂರಿಗೆ ಹೋಗಿ ಇದನ್ನೇ ಕಲಿ" ಅಂದಿದ್ದರಂತೆ. ಅವಳು ಅಪ್ಪನನ್ನು ಕೇಳಿದಳು. "ಹೆಣ್ಣುಮಗಳನ್ನು ಅಷ್ಟು ದೂರ ಕುಣೀಲಿಕ್ಕೆ ಕಳಿಸುದಾ?" ಎಂದು ಮಾವ ಎದ್ದು ತೋಟಕ್ಕೆ ಹೋದರು. ಮರುವರ್ಷ ನಾನು ಹೆಣ್ಣು ನೋಡಲು ಹೋದೆ. "ನಿನ್ನ ಗ್ರಹಚಾರ, ನನ್ನ ಅದೃಷ್ಟ" ಎಂದು ನಾನು ಆಗಾಗ ತಮಾಷೆ ಮಾಡುತ್ತಿದ್ದೆ. ಅವಳು ನಗುತ್ತಿರಲಿಲ್ಲ. ನನಗೆ ಅದು ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಒಂದು ಬೆಳಗ್ಗೆ ಕಡುಬು ಬಡಿಸುತ್ತಾ ಫೋನ್ ನನ್ನ ಮುಂದೆ ಹಿಡಿದಳು. ಮೈಸೂರಿನ ಒಂದು ಕಾಲೇಜಿನಲ್ಲಿ ಸಂಗೀತ ನಾಟಕದ ಕೋರ್ಸು. ಹಾಡು, ಕುಣಿತ, ಅಭಿನಯ ಮೂರೂ ಒಟ್ಟಿಗೆ. ಪಿಯುಸಿ ಆಗಿದ್ದರೆ ಸಾಕು, ವಯಸ್ಸಿನ ಮಿತಿ ಇಲ್ಲ.

"ಒಳ್ಳೆದುಂಟು. ಯಾರಿಗೆ?" ಅಂದೆ.

ಅವಳು ನನ್ನ ತಟ್ಟೆಗೆ ಕೇಳದೆಯೇ ಇನ್ನೆರಡು ಕಡುಬು ಹಾಕಿದಳು. ಆಗ ಗೊತ್ತಾಯಿತು.

ಫಾರಂ ತುಂಬಿದ್ದು

ಮಡಿಕೇರಿಯ ಸೈಬರ್ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ.

"ಮಗಳ ಹೆಸರು ಹೇಳಿ."

ನನ್ನ ಹೆಂಡತಿ ತನ್ನ ಹೆಸರು ಹೇಳಿದಳು.

"ಹುಟ್ಟಿದ ತಾರೀಕು?"

ಹೇಳಿದಳು. ಅವನು ಟೈಪ್ ಮಾಡಿ ನಿಲ್ಲಿಸಿದ. "ಅಕ್ಕಾ, ಇದು ನಿಮ್ಮದು ಇರಬೇಕು. ಮಗಳದ್ದು ಹೇಳಿ."

"ಮಗಳಿಲ್ಲ. ಇರುದು ಒಬ್ಬ ಮಗ. ಅವ ಮಂಗಳೂರಲ್ಲಿ ಓದ್ತಾ ಇದ್ದಾನೆ."

"ಹಾಗಾದ್ರೆ ಈ ಫಾರಂ ಯಾರಿಗೆ?" ಎಂದು ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನೇ ಕುಣಿಯಲು ಹೊರಟಿದ್ದೇನೆ ಎಂದು ಒಂದು ಗಳಿಗೆ ಅವನಿಗೆ ಅನ್ನಿಸಿರಬೇಕು. ಪಕ್ಕದಲ್ಲಿ ಆಧಾರ್ ಜೆರಾಕ್ಸಿಗೆ ಕಾಯುತ್ತಿದ್ದವರೂ ನನ್ನ ಹೊಟ್ಟೆಯ ಕಡೆ ನೋಡಿದರು.

ವಿಷಯ ತಿಳಿಸಿದ ಮೇಲೆ ಪಾಪ, ಶ್ರದ್ಧೆಯಿಂದ ತುಂಬಿಕೊಟ್ಟ. ಕೊನೆಯಲ್ಲಿ ಪೋಷಕರ ಸಹಿ ಎಂಬ ಒಂದು ಜಾಗ. ಅದನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ. ಪ್ರಿಂಟ್ ತೆಗೆಸಿ ನಾನೇ ಸಹಿ ಹಾಕಿದೆ, ಅವನು ಅದನ್ನು ಸ್ಕ್ಯಾನ್ ಮಾಡಿ ಸೇರಿಸಿದ. ಅವಳು ಆ ಕಾಗದವನ್ನು ಎರಡು ಸಲ ಓದಿ, ಮಡಚಿ ಬ್ಯಾಗಿಗೆ ಇಟ್ಟುಕೊಂಡಳು.

"ಇರಲಿ, ಜೋಪಾನ ಮಾಡ್ತೇನೆ. ನೀವು ನನ್ನ ಪೋಷಣೆ ಮಾಡಿದ್ದಕ್ಕೆ ಇಷ್ಟು ವರ್ಷದಲ್ಲಿ ಇದೊಂದೇ ದಾಖಲೆ."

ಬಾಳೆಗೊನೆಯ ಅಜ್ಜ

ಫಾರಂ ಜೊತೆ ಒಂದು ವಿಡಿಯೊ ಕಳಿಸಬೇಕಿತ್ತು. ಎರಡು ನಿಮಿಷ, ನಿಂತು ಹಾಡಬೇಕು, ತಲೆಯಿಂದ ಕಾಲಿನವರೆಗೆ ಕಾಣಬೇಕು, ನಡುವೆ ಕತ್ತರಿಸಬಾರದು. ನಮ್ಮ ಮನೆ ಹೈವೇ ಬದಿಗೇ ಇದೆ. ಅವಳು ಬಾಯಿ ತೆರೆದ ಕೂಡಲೇ ಲಾರಿ ಹಾರ್ನ್. ಹಿಂದಿನ ಕೋಣೆಗೆ ಹೋದರೆ ಕುಕ್ಕರಿನ ಸೀಟಿ. ಅಂಗಳಕ್ಕೆ ಹೋದರೆ ಪಕ್ಕದ ಮನೆಯ ನಾಯಿ ಕೂತು ಶ್ರುತಿ ಹಿಡಿಯುತ್ತದೆ.

ಕೊನೆಗೆ ಬೆಳಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ, ಸಂಪಾಜೆಯಲ್ಲಿ ನಿಲ್ಲಿಸಿದ್ದ ನಮ್ಮ ಬಸ್ಸಿನೊಳಗೇ ತೆಗೆಯುವುದೆಂದಾಯಿತು. ಗಾಜು ಏರಿಸಿದರೆ ಹೊರಗಿನ ಸದ್ದು ಬರುವುದಿಲ್ಲ. ಸೀಟುಗಳ ನಡುವೆ ಅವಳು ನಿಂತಳು. ಡ್ರೈವರ್ ಸೀಟಿನ ಹತ್ತಿರ ನಾನು ಫೋನ್ ಹಿಡಿದು ನಿಂತೆ. ಹಾಡು ಅವಳೇ ಕಟ್ಟಿದ್ದು, ಗಂಡನಿಗಾಗಿ ದಾರಿ ಕಾಯುವವಳ ಹಾಡು.

ಒಂದು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಹಿಂದಿನ ಬಾಗಿಲಿನಿಂದ ಬಾಳೆಗೊನೆ ಹೊತ್ತ ಅಜ್ಜ ಒಬ್ಬರು ಹತ್ತಿದರು.

"ಇದು ಸುಳ್ಯಕ್ಕಾ?"

ಅವಳು ಹಾಡು ನಿಲ್ಲಿಸಲಿಲ್ಲ. ಅಜ್ಜನ ಕಡೆ ತಿರುಗಿ, ಅದೇ ರಾಗದಲ್ಲಿ, ಕೈ ಚಾಚಿ ಉತ್ತರ ಕೊಟ್ಟಳು. "ಸುಳ್ಯಕ್ಕಲ್ಲ ಅಜ್ಜಾ... ಇದು ಮಡಿಕೇರಿಗೆ... ಸುಳ್ಯದ ಬಸ್ಸು ಆಚೆ ಬದಿಗೆ..." ಅಲ್ಲಿಂದಲೇ ಮತ್ತೆ ದಾರಿ ಕಾಯುವ ಸಾಲಿಗೆ ಬಂದಳು. ಅಜ್ಜ ಗೊನೆ ಕೆಳಗಿಟ್ಟು, ಹಾಡು ಮುಗಿಯುವವರೆಗೆ ಬಾಯಿ ಬಿಟ್ಟು ಕೇಳಿ, ಗೊನೆ ಎತ್ತಿಕೊಂಡು ಇಳಿದರು.

ಇನ್ನೊಮ್ಮೆ ತೆಗೆಯೋಣವೆಂದರೆ ಬಸ್ಸು ಬಿಡುವ ಹೊತ್ತಾಗಿತ್ತು. ಅದನ್ನೇ ಕಳಿಸಿದೆವು.

ಎರಡು ವಾರದಲ್ಲಿ ಕಾಲೇಜಿನಿಂದ ಪತ್ರ ಬಂತು. ಆಡಿಷನ್‌ಗೆ ಬನ್ನಿ ಎಂದಿತ್ತು. ಕೆಳಗೆ ಒಂದು ಸಾಲು ಬೇರೆ: ಬಾಳೆಗೊನೆ ಹೊತ್ತ ಹಿರಿಯ ಸಹನಟರ ಸಹಜ ಅಭಿನಯವನ್ನು ಸಮಿತಿ ವಿಶೇಷವಾಗಿ ಮೆಚ್ಚಿದೆ.

ಸಂಪಾಜೆ ಪೇಟೆಯಲ್ಲಿ ಅಜ್ಜ ಸಿಕ್ಕಾಗ ಪತ್ರ ಓದಿ ಹೇಳಿದೆ. ಅವರಿಗೆ ಖುಷಿಯಾಗಲಿಲ್ಲ, ಸಿಟ್ಟೇ ಬಂತು.

"ಮೊದಲೇ ಹೇಳ್ಲಿಕ್ಕೆ ಎಂತ ನಿಂಗೆ? ಶೇವ್ ಮಾಡಿಯಾದ್ರೂ ಬರ್ತಿದ್ದೆ ಮಾರಾಯಾ!"

ಶುಗರ್

ಮನೆಯಲ್ಲೇ ಇರುವ ನನ್ನ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ಎಪ್ಪತ್ತೈದು ದಾಟಿದವರಿಗೆ, ನಿಮ್ಮ ಸೊಸೆ ಕಾಲೇಜಿಗೆ ಕುಣಿಯಲು ಹೋಗುತ್ತಾಳೆ ಎಂದು ಹೇಗೆ ಹೇಳುವುದು? ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಇಬ್ಬರೂ ದಿನ ತಳ್ಳಿದೆವು.

ಅಷ್ಟರಲ್ಲಿ ಕುಣಿತದ ಅಭ್ಯಾಸ ಶುರುವಾಗಿತ್ತು. ಮುಂಜಾನೆ ಜಗಲಿಯಲ್ಲಿ ಅವಳು ಕೈ ಬೀಸುತ್ತಾ, ಸುತ್ತು ಹಾಕುತ್ತಾ ಇರುವುದನ್ನು ಅಮ್ಮ ಕಂಡರು. "ಇದೆಂತರ?" ಅಂದರು. ಅವಳಿಗೆ ಬಾಯಿಗೆ ಬಂದದ್ದು, "ವ್ಯಾಯಾಮ ಅತ್ತೆ. ಡಾಕ್ಟ್ರು ಹೇಳಿದ್ದಾರೆ."

ಅಮ್ಮ ಮುಂದೆ ಕೇಳಲಿಲ್ಲ. ಕೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ: "ಅವಳಿಗೆ ಶುಗರ್ ಉಂಟು."

ಮರುದಿನದಿಂದ ಮನೆಗೆ ಬಂದವರ ಕೈಯಲ್ಲೆಲ್ಲ ಹಾಗಲಕಾಯಿ. ಬ್ಲೌಸಿಗೆ ಅಳತೆ ಕೊಡಲು ಬಂದವರು ಮೆಂತ್ಯ ತಂದರು. ಅಮ್ಮ ಸ್ವತಃ ಅವಳ ಕಾಫಿಗೆ ಬೆಲ್ಲ ಹಾಕುವುದನ್ನು ನಿಲ್ಲಿಸಿದರು. ಸಂಬಂಧಿಕರ ಮದುವೆಗೆ ಮೂವರೂ ಹೋದಾಗ ಪಾಯಸದ ಬಕೆಟ್ ಹಿಡಿದವನು ನನಗೆ ಎರಡು ಸೌಟು ಹಾಕಿ, ಅವಳ ಎಲೆಯನ್ನು ದಾಟಿ, ಆಚೆಯವರಿಗೆ ಹಾಕಿ ಮುಂದೆ ಹೋದ. ಹೋಳಿಗೆಯವನೂ ಹಾಗೇ. ಅವಳಿಗೆ ಹೋಳಿಗೆ ಎಂದರೆ ಪ್ರಾಣ. ನನ್ನ ಹೋಳಿಗೆಗೆ ಕೈ ಹಾಕಿದಳು. ಎದುರಿನ ಸಾಲಿನಿಂದ ಮೂರು ಜನ ಒಟ್ಟಿಗೆ "ಬೇಡ ಬೇಡ!" ಎಂದು ಕೂಗಿದರು.

ಅವಳು ತಡೆದುಕೊಳ್ಳಲಿಲ್ಲ. "ನಂಗೆ ಶುಗರೂ ಇಲ್ಲ, ಎಂತದೂ ಇಲ್ಲ! ನಾನು ನಾಟಕದ ಕಾಲೇಜಿಗೆ ಸೇರ್ಲಿಕ್ಕೆ ಕುಣಿಯುದು!"

ಇಡೀ ಪಂಕ್ತಿ ಕೈ ನಿಲ್ಲಿಸಿತು. ಎಲ್ಲರೂ ಅಮ್ಮನ ಮುಖ ನೋಡಿದರು. ನಾನು ಎಲೆ ನೋಡಿದೆ. ಅಮ್ಮ ನಿಧಾನವಾಗಿ ಅನ್ನ ಕಲಸಿ, ಒಂದು ತುತ್ತು ತಿಂದು, ಬೇಸರದಲ್ಲಿ ಹೇಳಿದರು:

"ಕಾಲೇಜಿಗೆ ಹೋಗ್ಲಿ, ಬೇಡಾಂತ ಯಾರು ಹೇಳ್ದು? ನಾ ಹಿತ್ತಿಲಿಲಿ ಆರು ಹಾಗಲ ಬಳ್ಳಿ ಹಾಕಿ ಆತಲ್ಲ, ಅದರ ಯಾರ್ ತಿಂಬೊದು?"

ಪಕ್ಕವಾದ್ಯ

ಮಡಿಕೇರಿಯಲ್ಲಿ ನಿವೃತ್ತ ಸಂಗೀತ ಮಾಸ್ತರೊಬ್ಬರಿದ್ದಾರೆ. ಶನಿವಾರ, ಭಾನುವಾರ ಅವಳು ನಮ್ಮದೇ ಬಸ್ಸಿನಲ್ಲಿ ಅವರಲ್ಲಿಗೆ ಹೋಗುತ್ತಿದ್ದಳು. ಜನ ಹೆಚ್ಚಿದ್ದ ದಿನ ಸೀಟು ಬಿಟ್ಟುಕೊಟ್ಟು, ಕಂಬಿ ಹಿಡಿದು ನಿಂತು, ಮೆಲ್ಲಗೆ ಪಾಠ ಹಾಡಿಕೊಳ್ಳುತ್ತಾ ಘಾಟಿ ಹತ್ತುತ್ತಿದ್ದಳು. ಜೋಡುಪಾಲ ಬರುವಾಗ ಪಲ್ಲವಿ, ಮದೆನಾಡಿಗೆ ಚರಣ.

ಒಂದು ತಿಂಗಳಾದ ಮೇಲೆ ಮಾಸ್ತರು ನನ್ನನ್ನು ಕರೆಸಿದರು. "ಹಾಡು ಚೆನ್ನಾಗಿ ಬಂದಿದೆ. ಆದರೆ ಒಂದು ವಿಚಿತ್ರ ಇದೆ, ನೀವೇ ನೋಡಿ" ಎಂದು ಅವಳಿಗೆ ಹಾಡಲು ಹೇಳಿದರು.

ಎರಡನೇ ಸಾಲಿಗೆ ಅವಳು ಎಡಕ್ಕೆ ವಾಲಿದಳು. ಮೂರನೇ ಸಾಲಿಗೆ ಬಲಕ್ಕೆ. ಚರಣದ ನಡುವೆ ಪೂರ್ತಿ ಬಲಕ್ಕೆ ಬಾಗಿ ಮಾಸ್ತರ ಕಿಟಕಿಯ ಸರಳು ಹಿಡಿದುಕೊಂಡಳು. ಅವಳಿಗೆ ಅದು ಗೊತ್ತೇ ಇಲ್ಲ. ನನಗೆ ಮಾತ್ರ ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟ. ಅದು ಮದೆನಾಡಿನ ದೊಡ್ಡ ತಿರುವು.

ನಾನು ವಿವರಿಸಿದೆ. ಮಾಸ್ತರು ಕಣ್ಣು ಮುಚ್ಚಿ ಯೋಚಿಸಿ, ಇನ್ನೊಮ್ಮೆ ಹಾಡಿಸಿದರು. ಈ ಸಲ ತೊಡೆಯ ಮೇಲೆ ತಾಳ ಹಾಕುತ್ತಾ ನೋಡಿದರು.

"ಪ್ರತಿ ತಿರುವೂ ತಾಳದ ಸಮಕ್ಕೇ ಬೀಳ್ತಾ ಇದೆಯಲ್ರೀ! ಡ್ರೈವರ್ ಯಾರು? ಅವರಿಗೆ ಒಳ್ಳೆಯ ಲಯಜ್ಞಾನ ಇದೆ."

ಹೋಗಿ ಡ್ರೈವರಿಗೆ ಹೇಳಿದ್ದು ನನ್ನದೇ ತಪ್ಪು. ವಾಲುವುದನ್ನು ಮಾಸ್ತರು ಮೂರು ವಾರದಲ್ಲಿ ಬಿಡಿಸಿದರು. ಡ್ರೈವರು ಮಾತ್ರ ಇವತ್ತಿಗೂ ಯಾರಾದರೂ "ಸ್ವಲ್ಪ ಬೇಗ ಹೋಗಿ" ಅಂದರೆ, "ಪಕ್ಕವಾದ್ಯದವರಿಗೆ ಅವಸರ ಮಾಡಬಾರದು" ಅನ್ನುತ್ತಾನೆ.

ಅಳಿಯಂದ್ರು

ಆಡಿಷನ್ ದಿನ ರಜೆ ಹಾಕಿ ಮೈಸೂರಿಗೆ ಹೋದೆವು. ಕಾಲೇಜಿನ ಅಂಗಳದ ತುಂಬ ಹದಿನೇಳು, ಹದಿನೆಂಟರ ಮಕ್ಕಳು. ಬಾಗಿಲಲ್ಲಿದ್ದ ಹುಡುಗಿ ಇವಳನ್ನು ನೋಡಿದವಳೇ, "ಪೋಷಕರು ಆ ಬೆಂಚಲ್ಲಿ ಕೂತ್ಕೊಳ್ಳಿ ಆಂಟಿ" ಅಂದಳು. ಇವಳು ಗಾಬರಿಯಲ್ಲಿ ಹೋಗಿ ತಾಯಂದಿರ ನಡುವೆ ಕೂತೇಬಿಟ್ಟಳು. ಪಕ್ಕದ ತಾಯಿ, "ನಿಮ್ಮ ಮಗಳು ಎಷ್ಟನೇ ನಂಬರು?" ಎಂದು ಕೇಳಿದಾಗಲೇ ಎಚ್ಚರವಾಗಿ ಎದ್ದು ಓಡಿದ್ದು.

ಹಾಡಿನಲ್ಲಿ ಗೆದ್ದಳು. ಕುಣಿತದಲ್ಲಿ ಮೊಣಕಾಲು ಒಮ್ಮೆ ಕಟಕ್ ಅಂದರೂ ಬಿಡಲಿಲ್ಲ. ಊಟದ ಮೇಲೆ ಕೊನೆಯ ಪರೀಕ್ಷೆಗೆ ಪೋಷಕರನ್ನೂ ಒಳಗೆ ಬಿಟ್ಟರು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಚೀಟಿ ಎತ್ತಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ, ಒಂದು ಸನ್ನಿವೇಶ ಕೊಡುತ್ತಾರೆ, ಮಾತನ್ನೆಲ್ಲ ಹಾಡಿನಲ್ಲೇ ಆಡಬೇಕು. ಇವಳಿಗೆ ಜೋಡಿಯಾಗಿ ಬಂದದ್ದು ಮಂಡ್ಯ ಕಡೆಯ ಹದಿನೇಳರ ಹುಡುಗಿ. ಸನ್ನಿವೇಶ: ನಾಟಕ ಕಲಿಯಲು ಹೊರಟ ಮಗಳು, ಕಳಿಸದ ತಾಯಿ. ಚೀಟಿಯ ಪ್ರಕಾರ ತಾಯಿ ಆ ಹುಡುಗಿ. ಮಗಳು ನನ್ನ ಹೆಂಡತಿ.

ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಸೊಂಟಕ್ಕೆ ಕೈ ಇಟ್ಟು ಶುರು ಮಾಡಿದಳು. "ಅಷ್ಟು ದೂರ ನಿನ್ನ ಕಳಿಸೋದಾ? ಕುಣಿಯೋಕೆ ನಿನ್ನ ಕಳಿಸೋದಾ?"

ಮಾವ ಅಂದು ಹೇಳಿದ್ದು ಹೆಚ್ಚುಕಡಿಮೆ ಅದೇ ಮಾತು. ನನ್ನ ಹೆಂಡತಿ ಬಾಯಿ ತೆರೆದಳು, ಸ್ವರ ಬರಲಿಲ್ಲ. ಮುಖ ಪೂರ್ತಿ ಹದಿನೆಂಟರ ಹುಡುಗಿಯ ಮುಖವಾಗಿತ್ತು. ಪರೀಕ್ಷಕರೊಬ್ಬರು ಗಡಿಯಾರ ನೋಡಿದರು. ಇಷ್ಟೆಲ್ಲ ಆಗಿ, ಇಲ್ಲಿಯವರೆಗೆ ಬಂದು, ಮತ್ತೆ ಅದೇ ಮಾತಿಗೆ ಇವಳು ಸುಮ್ಮನಾಗಬೇಕಾ?

ಘಾಟಿಯ ಪ್ರತಿ ಸ್ಟಾಪಿನಲ್ಲೂ ತಾಯಂದಿರು ಹೆಣ್ಣುಮಕ್ಕಳನ್ನು ಬಸ್ಸಿಗೆ ಹತ್ತಿಸಿ, ಇಳಿಸಿಬಿಡಲೋ ಎಂದು ಅನುಮಾನದಲ್ಲಿ ನಿಂತಿರುತ್ತಾರೆ. ಅವರಿಗೆ ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತೊಂದಿದೆ. ಅದು ನನ್ನ ಬಾಯಿಂದ ತಾನಾಗಿಯೇ ಬಂತು. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

"ಹೆದ್ರಬೇಡಿ ಅಮ್ಮಾ, ಕಳಿಸಿ! ನಾನುಂಟಲ್ಲ. ಮುಂದಿನ ಸೀಟಲ್ಲೇ ಕೂರಿಸ್ತೇನೆ, ಜಾಗ್ರತೆ ಇಳಿಸ್ತೇನೆ!"

ಹಾಲ್ ಪೂರ್ತಿ ತಿರುಗಿ ನೋಡಿತು. ಆ ಹುಡುಗಿ ಅಸಾಧ್ಯದವಳು. ಪಾತ್ರ ಬಿಡದೆ, ನನ್ನ ಕಡೆ ಬೆರಳು ತೋರಿಸಿ ಹಾಡಿನಲ್ಲೇ ಕೇಳಿದಳು. "ಯಾರಪ್ಪಾ ನೀನು?"

"ಕಂಡಕ್ಟರ್" ಅಂದೆ. ನನಗೆ ಹಾಡು ಬರುವುದಿಲ್ಲ.

ಹುಡುಗಿ ಗಲ್ಲಕ್ಕೆ ಕೈ ಇಟ್ಟು ಯೋಚಿಸಿದಳು. "ನೋಡ್ಕೋತೀನಿ ಅಂತಾನಲ್ಲಾ... ಆಯ್ತು ಮಗಳೇ, ಹೋಗಿ ಬಾ."

ನನ್ನ ಹೆಂಡತಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಹೋಗಿ ಬಾ ಎಂದು ಹಿರಿಯರು ಹೇಳಿದ ಕೂಡಲೇ ಕಾಲು ಹಿಡಿಯುವುದು ನಮ್ಮಲ್ಲಿ ರೂಢಿ. ಬಗ್ಗಿ ಆ ಹುಡುಗಿಯ ಕಾಲು ಮುಟ್ಟಿದಳು. ಅಲ್ಲಿಯವರೆಗೆ ಅಲುಗಾಡದ ತಾಯಿ "ಅಯ್ಯೋ ಆಂಟಿ, ಬೇಡ!" ಎಂದು ಎರಡಡಿ ಹಾರಿದಳು. ಆ ನಗುವಿನ ನಡುವೆಯೇ ಇವಳು ಎದ್ದು ಹಾಡಿದಳು. ಹೊರಟವಳ ಹಾಡು, ಯಾವ ಕಾಗದದಲ್ಲೂ ಇಲ್ಲದ ಸಾಲುಗಳು. ನಕ್ಕವರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದರು. ನನ್ನ ಕಣ್ಣು ಮಂಜಾಯಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಯ್ಕೆಯಾದವರ ಪಟ್ಟಿಯಲ್ಲಿ ಇವಳು, ಆ ಹುಡುಗಿ ಇಬ್ಬರ ಹೆಸರೂ ಬಂತು. ಈಗ ಇಬ್ಬರಿಗೂ ಹಾಸ್ಟೆಲಿನಲ್ಲಿ ಒಂದೇ ರೂಮು. ಮೊದಲ ವಾರ ನನಗೆ ಮನಸ್ಸೇ ನಿಲ್ಲಲಿಲ್ಲ. ಊಟ ಸರಿ ಮಾಡಿದಳೋ, ಮೊಣಕಾಲು ಹೇಗಿದೆಯೋ ಎಂದು ಪ್ರತಿ ಟ್ರಿಪ್ಪಿನ ಕೊನೆಗೂ ಫೋನ್ ಮಾಡುತ್ತಿದ್ದೆ. ಒಂದು ದಿನ ಐದನೇ ಸಲ ಮಾಡಿದಾಗ ಫೋನ್ ಎತ್ತಿದ್ದು ಆ ಹುಡುಗಿ. ಗಂಟಲು ಸರಿ ಮಾಡಿಕೊಂಡು, ಬಹಳ ಗಂಭೀರವಾಗಿ ಮಾತಾಡಿದಳು.

"ಅಳಿಯಂದ್ರೇ, ಮಗಳು ಚೆನ್ನಾಗಿದ್ದಾಳೆ. ನೀವು ಹೀಗೆ ಗಳಿಗೆಗೊಂದು ಸಲ ಫೋನ್ ಮಾಡ್ತಾ ಇದ್ರೆ, ನಾನು ಅವಳನ್ನ ದೀಪಾವಳಿಗೂ ನಿಮ್ಮನೆಗೆ ಕಳಿಸಲ್ಲ ನೋಡಿ!"