ಸಗಣಿ ಸಂಘದ ಅಧ್ಯಕ್ಷರು

ಹಸುವಿನ ಹಿಂಭಾಗ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಇದ್ದಾರೆ. ಆದರೆ ಹಾಗೆ ನಮಸ್ಕಾರ ಮಾಡಿದ ಮೇಲೂ ಅಲ್ಲಿಂದ ಕದಲದೆ, ಕೈಯಲ್ಲೊಂದು ಬಿದಿರಿನ ಮಂಕರಿ ಹಿಡಿದು, ಬಸ್ಸಿಗೆ ಕಾಯುವವರ ತಾಳ್ಮೆಯಲ್ಲಿ ನಿಂತೇ ಇರುತ್ತಿದ್ದವರು, ನನಗೆ ತಿಳಿದಂತೆ, ನಮ್ಮ ಚಿಕ್ಕಪ್ಪ ಒಬ್ಬರೇ!

ಅವರಿಗೆ ತಲೆ ಕೆಟ್ಟಿರಲಿಲ್ಲ. ಹಾಗೆಂದು ನಾನು ಹೇಳುತ್ತೇನೆ. ನಮ್ಮ ದೊಡ್ಡೇರಿ ಹೋಬಳಿಯವರನ್ನು ಕೇಳಿದ್ದರೆ ಸ್ವಲ್ಪ ಯೋಚಿಸಿ ಉತ್ತರ ಹೇಳುತ್ತಿದ್ದರು. ಶಿರಾ, ಕೊರಟಗೆರೆ, ಪಾವಗಡ ಅಂತ ಮೂರೂ ತಾಲ್ಲೂಕು ಸುತ್ತಿ, ಹೆಡ್‌ಮೇಷ್ಟ್ರಾಗಿ ರಿಟೈರ್ ಆಗಿ ಊರಿಗೆ ಬಂದವರು. ಶಿರಾದಿಂದ ಉರ್ದು ಸಲಾಮು, ಪಾವಗಡದಿಂದ ತೆಲುಗು ಬೈಗುಳ, ಕೊರಟಗೆರೆಯಿಂದ ಒಂದು ಸೈಕಲ್ಲು, ಇಷ್ಟೇ ಅವರ ಸರ್ವಿಸಿನ ಸಂಪಾದನೆ. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಮೈಮೇಲೆ ಇಸ್ತ್ರಿ ಮುರಿಯದ ಬಿಳಿ ಷರ್ಟು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಅವರನ್ನು ಕಂಡಿದ್ದರೆ 'ವಾಟ್ ಎ ಜೆಂಟಲ್‌ಮನ್' ಎನ್ನುತ್ತಿದ್ದರು, ಮಂಕರಿ ಕಾಣುವವರೆಗೆ.

ಇದಕ್ಕೆಲ್ಲ ಕಾರಣ ನಮ್ಮ ಚಿಕ್ಕಮ್ಮನ ಕೆಮ್ಮು. ನಮ್ಮ ಸೀಮೆಯ ಜಾಲಿ ಸೌದೆ ಗೊತ್ತಲ್ಲ? ಅದು ಉರಿಯುವುದಕ್ಕಿಂತ ಹೆಚ್ಚಾಗಿ ಅಳುತ್ತದೆ, ಜೊತೆಗೆ ಅಡುಗೆಯವಳನ್ನೂ ಅಳಿಸುತ್ತದೆ. ಮಧುಗಿರಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಚಿಕ್ಕಪ್ಪನ ಕಡೆ ತಿರುಗಿ, "ಮೇಷ್ಟ್ರೇ, ಇವರಿಗೆ ಹೊಗೆ ಬಿಡಿಸಿ. ಇಲ್ಲದಿದ್ದರೆ ಈ ಎದೆ ಬಹಳ ದಿನ ತಡೆಯೋಲ್ಲ" ಎಂದರಂತೆ.

"ನಾನು ಹೊಗೆ ಬಿಟ್ಟರೆ ಇವರು ಊಟ ಬಿಡಬೇಕಾಗುತ್ತೆ ಡಾಕ್ಟ್ರೇ" ಎಂದು ಚಿಕ್ಕಮ್ಮ ನಕ್ಕರಂತೆ, ಕೆಮ್ಮಿನ ನಡುವೆ.

ಚಿಕ್ಕಪ್ಪ ನಗಲಿಲ್ಲ. ಸಿಲಿಂಡರ್ ಗ್ಯಾಸು ಆಗಿನ್ನೂ ನಮ್ಮೂರ ಕಡೆ ಮುಖ ಮಾಡಿರಲಿಲ್ಲ. ರೇಡಿಯೋದ ಕೃಷಿ ಕಾರ್ಯಕ್ರಮದಲ್ಲಿ ಗೋಬರ್ ಗ್ಯಾಸಿನ ವಿಷಯ ಕೇಳಿದ್ದೇ ತಡ, ಮಾರನೆಯ ದಿನ ಸೈಕಲ್ ತುಳಿದು ಬ್ಲಾಕ್ ಆಫೀಸಿಗೆ ಹೋದರು. ಅಲ್ಲೊಬ್ಬ ಎಳೆ ವಯಸ್ಸಿನ ಆಫೀಸರು.

"ಹಸು ಎಷ್ಟಿವೆ ಸಾರ್?"

"ಇಲ್ಲ."

"ಎಮ್ಮೆ?"

"ಇಲ್ಲ."

"ಮತ್ತೇನಿದೆ ಸಾರ್ ನಿಮ್ಮ ಹತ್ತಿರ?"

"ಸೈಕಲ್ ಇದೆ."

ಪುಣ್ಯಾತ್ಮ ಆ ಆಫೀಸರು! ನಗದೆ, ಕೂರಿಸಿ, ಟೀ ತರಿಸಿಕೊಟ್ಟು ಹೇಳಿದರಂತೆ: ಮನೆಗೊಂದು ಪ್ಲಾಂಟು ಹಾಕಿಸಲು ಕೊಟ್ಟಿಗೆ ತುಂಬ ದನ ಬೇಕು, ಆದರೆ ಊರಿನವರೆಲ್ಲ ಸೇರಿ ಸಂಘ ಕಟ್ಟಿಕೊಂಡರೆ, ಊರಿಗೇ ಸೇರಿದ ಒಂದು ದೊಡ್ಡ ಪ್ಲಾಂಟಿಗೆ ಸರ್ಕಾರದ ಸಹಾಯ ಉಂಟು. ಜೊತೆಗೊಂದು ಸರ್ಕ್ಯುಲರನ್ನೂ ಕೊಟ್ಟು ಕಳಿಸಿದರು. ಅದು ಇಂಗ್ಲಿಷಿನಲ್ಲಿತ್ತು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಟೀಚರಾಗಿ, ಬೇಸಿಗೆ ರಜೆಗೆ ಬಂದು ಚಿಕ್ಕಮ್ಮನ ಉಪ್ಪಿನಕಾಯಿ ಜಾಡಿ ಖಾಲಿ ಮಾಡುತ್ತಿದ್ದೆ. ಸಿಕ್ಕಿಬಿದ್ದೆ!

"ಏನಂತಾರೆ ನೋಡು ಸರ್ಕಾರದವರು."

"ದಿ ಗವರ್ನಮೆಂಟ್ ಶಲ್ ಎಕ್ಸ್‌ಟೆಂಡ್ ಆಲ್ ಪಾಸಿಬಲ್ ಸಪೋರ್ಟ್ ಅಂತಿದೆ, ಚಿಕ್ಕಪ್ಪ."

"ಅದು ಇಂಗ್ಲಿಷಿನಲ್ಲಿ ಕೊಟ್ಟ ಮಾತಾಯ್ತು. ಕನ್ನಡದಲ್ಲಿ ಏನು ಕೊಡ್ತಾರೆ ಹೇಳು."

ಕನ್ನಡದಲ್ಲಿ ಇಷ್ಟು: ಇಟ್ಟಿಗೆ, ಸಿಮೆಂಟು, ಕಬ್ಬಿಣದ ಡ್ರಮ್ಮು, ಪೈಪುಗಳಲ್ಲಿ ಬಹುಪಾಲು ಸರ್ಕಾರದ್ದು. ಜಾಗ, ಮೈಮುರಿಯುವ ಕೆಲಸ ಮತ್ತು ಸಗಣಿ ಊರಿನದು. ಕಟ್ಟಿದ ಮೇಲೆ ಯಜಮಾನಿಕೆ ಸಂಘದ್ದು. ಈ ಕೊನೆಯ ವಾಕ್ಯವನ್ನು ಚಿಕ್ಕಪ್ಪ ನನ್ನಿಂದ ಮೂರು ಸಲ ಓದಿಸಿದರು. "ಅಂದ್ರೆ ಸರ್ಕಾರ ಕಟ್ಟಿಕೊಟ್ಟು, ಕೈ ಕಟ್ಟಿಕೊಂಡು ಆಚೆ ನಿಲ್ಲುತ್ತೆ! ಭೇಷ್!" ಎಂದು ತೊಡೆ ತಟ್ಟಿದರು.

ಊರನ್ನು ಒಪ್ಪಿಸುವುದು ಸುಲಭವಿತ್ತೆ? ಅಂಗಡಿ ಶೆಟ್ಟರು, "ಸಗಣಿ ಗ್ಯಾಸಿನಲ್ಲಿ ಮಾಡಿದ ಎಡೆ ದೇವರಿಗೆ ಆಗುತ್ತಾ ಮೇಷ್ಟ್ರೇ?" ಎಂದು ಮೂಗು ಮುರಿದರು.

"ನೆಲ ಸಾರಿಸುವಾಗ ಮಡಿ, ಒಲೆಗೆ ಬಂದ ಕೂಡಲೇ ಮೈಲಿಗೆಯೇನ್ರೀ? ಅದರ ಜಾತಿ ದಾರಿಯಲ್ಲಿ ಬದಲಾಯಿತೆ?" ಎಂದರು ಚಿಕ್ಕಪ್ಪ. ಶೆಟ್ಟರು ಸಂಘದ ಅರ್ಜಿಗೆ ಸೈನು ಹಾಕಿದರು.

ಜಾಗ ಯಾರು ಕೊಡುತ್ತಾರೆ ಎಂದಾಗ ಎಲ್ಲರೂ ಆಕಾಶ ನೋಡಿದರು. ಚಿಕ್ಕಪ್ಪ ತಮ್ಮ ಹಿತ್ತಿಲನ್ನೇ ಸಂಘಕ್ಕೆ ಬರೆದುಕೊಟ್ಟರು! "ಒಂದು ಹಸು ಕಟ್ಟೋಕೆ ಇದ್ದ ಜಾಗಾನೂ ಹೋಯ್ತು. ದಾನಶೂರ ಕರ್ಣನಿಗಾದರೂ ಕವಚ ಕುಂಡಲ ಅಷ್ಟೇ ಹೋಗಿದ್ದು" ಎಂದು ಚಿಕ್ಕಮ್ಮ ನನ್ನ ಕಿವಿಯಲ್ಲಿ ಹೇಳಿ ಮತ್ತೆ ಕೆಮ್ಮಿದರು.

ನಿಜವಾದ ಕಂಟಕ ಎದುರಾಗಿದ್ದು ಆಫೀಸರು ದನ ಎಣಿಸಲು ಬಂದ ದಿನ. ನಮ್ಮೂರಿನ ದನಕರುಗಳಲ್ಲಿ ಮುಕ್ಕಾಲುಪಾಲು ಪಕ್ಕದ ಹಟ್ಟಿಯವರದು. ಕುರಿ ದನ ಮೇಯಿಸಿಯೇ ಬದುಕಿದ ಮಂದಿ. ಅವರು ಪ್ರಾಣ ಕೇಳಿದರೆ ಕೊಟ್ಟಾರು, ದನದ ಲೆಕ್ಕ ಕೊಡರು! ಎಣಿಸಿದರೆ ಹಟ್ಟಿಗೆ ಏಳಿಗೆಯಿಲ್ಲ ಎಂಬುದು ಅಜ್ಜ ಮುತ್ತಜ್ಜನ ಕಾಲದ ಕಟ್ಟು. ಹಟ್ಟಿಯ ಹಿರಿಯಳು ಈರಜ್ಜಿ, ಎಲೆಅಡಿಕೆ ಜಗಿಯುತ್ತ ಬಾಗಿಲಲ್ಲಿ ಕೂತಿದ್ದಳು.

"ದನ ಎಷ್ಟಿವೆ ಅಜ್ಜಿ?" ಎಂದರು ಆಫೀಸರು.

"ಅವೆ ಕಣಪ್ಪ."

"ಅದೇ, ಎಷ್ಟಿವೆ?"

"ದೇವ್ರು ಕೊಟ್ಟಷ್ಟು."

"ಅಂದಾಜಿಗೆ ಹೇಳಿ ಅಜ್ಜಿ. ಹತ್ತಾ? ಐವತ್ತಾ?"

"ಲೇ ತಮ್ಮ, ನಿಮ್ಮವ್ವಂಗೆ ಎಷ್ಟ್ ಕೂದ್ಲವೆ ಅಂತ ನಾನೇನಾರ ಕೇಳಿದ್ನಾ? ಎಣಿಸುದ್ರೆ ಕರಗೋಯ್ತವೆ. ಸುಮ್ಕೆ ಬುಟ್ಬುಡು."

ಆಫೀಸರು ಪೆನ್ನಿನ ಕ್ಯಾಪು ಮುಚ್ಚಿದರು. ನಂಬರ್ ಇಲ್ಲದೆ ಅರ್ಜಿ ಮುಂದೆ ಹೋಗುವಂತಿರಲಿಲ್ಲ. ಪಾಪ, ಅವರಾದರೂ ಏನು ಮಾಡಿಯಾರು? ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ ನನಗೆ. ಒಳಮನೆಯಲ್ಲಿ ಕೆಮ್ಮುವ ಹೆಂಡತಿ ಒಂದು ಕಡೆ, ಹಟ್ಟಿಯ ದೇವರು ಇನ್ನೊಂದು ಕಡೆ. ಬೇರೆ ಯಾರಾದರೂ ಆಗಿದ್ದರೆ 'ಮೂಢನಂಬಿಕೆ' ಎಂದು ಒಂದು ಲೆಕ್ಚರ್ ಬಿಗಿಯುತ್ತಿದ್ದರು. ನಾನೇ ಬಾಯಿ ತೆರೆದಿದ್ದೆ! ಚಿಕ್ಕಪ್ಪ ನನ್ನನ್ನು ಕಣ್ಣಿನಲ್ಲೇ ತಡೆದು, ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತರು.

"ಅಜ್ಜಿ, ದನ ಎಣಿಸಬಾರದು, ಒಪ್ಪಿದೆ. ಸಗಣಿ ತೂಗಬಾರದು ಅಂತ ಯಾವುದಾದರೂ ದೇವರು ಹೇಳಿದೆಯಾ?"

ಅಜ್ಜಿ ಬಹಳ ಹೊತ್ತು ಜಗಿದಳು. "ಇಲ್ಲ ಕಣ್ ಮೇಷ್ಟ್ರೇ. ಅದ್ನ ಯಾವ ದೇವ್ರೂ ಯೋಳಿಲ್ಲ."

ಮಾರನೆಯ ಬೆಳಿಗ್ಗೆ ಊರ ಮುಂದಿನ ಹೊಂಗೆ ಮರಕ್ಕೆ ಶೆಟ್ಟರ ಅಂಗಡಿಯ ತಕ್ಕಡಿ ತೂಗುಬಿತ್ತು. ಹಟ್ಟಿಯಿಂದ, ಊರಿಂದ ಮಂಕರಿಗಳ ಮೆರವಣಿಗೆ! ದನವೊಂದಕ್ಕೆ ದಿನಕ್ಕೆ ಇಷ್ಟು ಎಂಬ ಲೆಕ್ಕ ಸರ್ಕ್ಯುಲರಿನಲ್ಲೇ ಇತ್ತು. ಒಟ್ಟು ತೂಕವನ್ನು ಅದರಿಂದ ಭಾಗಿಸಿದರೆ ದನದ ಸಂಖ್ಯೆ ತಾನಾಗಿ ಬರುತ್ತದೆ. ಭಾಗಿಸುವ ಕೆಲಸ ನನ್ನದು. ಉತ್ತರವನ್ನು ಇನ್ನೇನು ಕೂಗಿ ಹೇಳಬೇಕು, ಈರಜ್ಜಿ ಓಡಿಬಂದು ನನ್ನ ಬಾಯಿ ಮುಚ್ಚಿದಳು.

"ಬಾಯಲ್ಲಿ ಅನ್ಬ್ಯಾಡ ಕಣವ್ವ! ಇಂಗ್ಲೀಸ್ನಾಗೆ ಬರ್ಕೊಟ್ಬುಡು. ನಮ್ ದೇವ್ರಿಗೆ ಇಂಗ್ಲೀಸ್ ಬರಾಕಿಲ್ಲ."

ಸಿಸ್ಟರುಗಳು ಹತ್ತು ವರ್ಷ ಸ್ಕೇಲಿನಲ್ಲಿ ಹೊಡೆದು ಕಲಿಸಿದ ಇಂಗ್ಲಿಷು ಅಂದು ಸಾರ್ಥಕವಾಯಿತು, ದೇವರಿಂದ ಗುಟ್ಟು ಮುಚ್ಚಿಡುವುದಕ್ಕೆ! ನಾನು ಕಾಗದದಲ್ಲಿ ಬರೆದೆ, ಆಫೀಸರು ಮನಸ್ಸಿನಲ್ಲೇ ಓದಿಕೊಂಡು ಮಡಿಸಿ ಜೇಬಿಗಿಟ್ಟರು. ಪ್ಲಾಂಟು ಸ್ಯಾಂಕ್ಷನ್ ಆಯಿತು.

ಗುಂಡಿ ತೋಡಿದ್ದು, ಕಟ್ಟಿದ್ದು ಎಲ್ಲ ನಾನು ಬೆಂಗಳೂರಿಗೆ ಹೋದ ಮೇಲೆ. ಗ್ಯಾಸು ಬೇಗ ಏಳಬೇಕಾದರೆ, ನಡೆಯುತ್ತಿರುವ ಬೇರೆ ಪ್ಲಾಂಟಿನ ಬಗ್ಗಡವನ್ನು ಹೆಪ್ಪಿನ ಹಾಗೆ ಹಾಕಬೇಕು ಎಂದು ಆಫೀಸರು ಹೇಳಿದರಂತೆ. ಹೆಪ್ಪು ತಾನೆ? ಚಿಕ್ಕಪ್ಪ ನಾನು ಬಿಟ್ಟುಹೋಗಿದ್ದ ಟಿಫನ್ ಕ್ಯಾರಿಯರ್ ಹಿಡಿದು ಕೊರಟಗೆರೆ ಕಡೆಗೆ ಹೋಗಿ, ಮೂರು ಡಬ್ಬಿ ತುಂಬಿಸಿಕೊಂಡು ಬಸ್ಸು ಹತ್ತಿದರು. "ಎರಡಾಳುದ್ದದ ಗುಂಡಿಗೆ ಮೂರು ಡಬ್ಬಿಯಾ ಸಾರ್!" ಎಂದು ಆಫೀಸರು ತಲೆ ಮೇಲೆ ಕೈ ಹೊತ್ತು, ಆಮೇಲೆ ಪೀಪಾಯಿಗಟ್ಟಲೆ ಗಾಡಿಯಲ್ಲಿ ತರಿಸಿದರಂತೆ. ಆ ಕ್ಯಾರಿಯರನ್ನು ಚಿಕ್ಕಪ್ಪ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನನಗೇ ಹಿಂತಿರುಗಿಸಿದರು. ಥ್ಯಾಂಕ್ ಯೂ ಎಂದೆ. ಇನ್ನೇನು ಹೇಳಲಿ?

ದಸರಾ ರಜೆಗೆ ಹೋದೆ. ಹಿತ್ತಿಲಲ್ಲಿ ಕಬ್ಬಿಣದ ಡ್ರಮ್ಮು, ಉಬ್ಬಿದ ಪೂರಿಯ ಹಾಗೆ ಮೇಲೆದ್ದು ನಿಂತಿತ್ತು. ಅಲ್ಲಿಂದ ಪೈಪುಗಳು ಶೆಟ್ಟರ ಮನೆಗೆ, ಹಟ್ಟಿಗೆ, ಎಡಕ್ಕೆ, ಬಲಕ್ಕೆ ಹೊರಟಿದ್ದವು. ಹತ್ತು ಮಾರು ದೂರದ ಚಿಕ್ಕಮ್ಮನ ಅಡುಗೆಮನೆಗೆ ಮಾತ್ರ ಪೈಪಿಲ್ಲ! ಒಳಗೆ ಅದೇ ಜಾಲಿ ಸೌದೆ, ಅದೇ ಕೆಮ್ಮು.

"ಇದೇನು ಚಿಕ್ಕಪ್ಪ?"

"ಸಗಣಿ ಕೊಟ್ಟವರಿಗೆ ಗ್ಯಾಸು. ಸಂಘದ ರೂಲ್ಸು. ನಾನೇ ಬರೆದಿದ್ದು."

ಸಂಘದವರು ಬೇಡಿಕೊಂಡಿದ್ದರಂತೆ. "ನೀವು ಅಧ್ಯಕ್ಷರು, ಜಾಗ ಕೊಟ್ಟೋರು, ನಿಮಗೊಂದು ಪೈಪು ಎಳೆದರೆ ಯಾರು ಕೇಳ್ತಾರೆ?" ಎಂದು ಶೆಟ್ಟರೇ ಎದ್ದು ಹೇಳಿದರಂತೆ. "ಜಾಗ ಉರಿಯುತ್ತೇನ್ರೀ? ಮೊದಲನೇ ದಿನವೇ ಅಧ್ಯಕ್ಷನಿಗೊಂದು ರೂಲ್ಸು ಮಾಡಿದರೆ, ಎರಡನೇ ದಿನ ಇದು ಊರಿನ ಒಲೆಯಾಗಿ ಉಳಿಯೋಲ್ಲ" ಎಂದು ಚಿಕ್ಕಪ್ಪ ಕೂರಿಸಿದರಂತೆ. ನನಗೆ ಅಳು ಬಂತು, ಸಿಟ್ಟೂ ಬಂತು. ಡಾಕ್ಟರು ಹೇಳಿದ್ದು ಮರೆತರೇ ಇವರು?

ಮರೆತಿರಲಿಲ್ಲ. ಮಾರನೆಯ ಬೆಳಿಗ್ಗೆ ನೋಡುತ್ತೇನೆ: ಇಸ್ತ್ರಿ ಷರ್ಟಿನ ತೋಳು ಮಡಿಸಿ, ವಿಭೂತಿ ಹಚ್ಚಿಕೊಂಡು, ಹೆಡ್‌ಮೇಷ್ಟ್ರು ಮಂಕರಿ ಹಿಡಿದು ಬೀದಿಗಿಳಿದಿದ್ದಾರೆ! ಬೀದಿಯಲ್ಲಿ ಬಿದ್ದದ್ದು ಯಾರಿಗೂ ಸೇರಿದ್ದಲ್ಲ, ಎತ್ತಿದವರಿಗೆ ಸೇರಿದ್ದು. ತಿಂಗಳು ಪೂರ್ತಿ ದಿನಕ್ಕೊಂದು ಮಂಕರಿ ಗುಂಡಿಗೆ ಹಾಕಿದರೆ ಪೈಪಿಗೆ ಹಕ್ಕು, ಅದೂ ಸಂಘದ ರೂಲ್ಸೇ. ಹಳೆಯ ಶಿಷ್ಯರು ಎದುರು ಬಂದರೆ ಎಡಗೈಯಲ್ಲೇ ಸಲಾಮು. "ಏನ್ಸಾರ್ ಇದು!" ಎಂದು ಒಬ್ಬ ಮಂಕರಿ ಕಿತ್ತುಕೊಳ್ಳಲು ಹೋದರೆ, "ಬಿಡಯ್ಯಾ, ಇದೂ ಹೋಂವರ್ಕೇ. ಬೇರೆಯವರು ಮಾಡಿಕೊಟ್ಟರೆ ನಡೆಯೋಲ್ಲ ಅಂತ ನಿನಗೆ ಹೇಳಿಕೊಟ್ಟವನು ನಾನೇ ಅಲ್ಲವೇ?" ಎಂದರು.

ಆದರೆ ಬೀದಿಯ ದನ ನಂಬಿ ಮಂಕರಿ ತುಂಬೀತೆ? ಕೆಲವು ದಿನ ಅರ್ಧಕ್ಕೇ ವಾಪಸ್ಸು ಬಂದರು. ಅರ್ಧ ಮಂಕರಿ ಲೆಕ್ಕಕ್ಕಿಲ್ಲ ಎಂದು ತಾವೇ ತೀರ್ಪು ಕೊಟ್ಟುಕೊಂಡು, ಮತ್ತೆ ಒಂದರಿಂದ ಶುರು! ನನ್ನ ರಜೆಯಲ್ಲೇ ಹೀಗೆ ಎರಡು ಸಲ. ಆಮೇಲೊಂದು ವಿಚಿತ್ರ ನಡೆಯಿತು. ಕೆರೆಯ ದಾರಿಯಲ್ಲಿ ಹೋಗುತ್ತಿದ್ದ ಹಟ್ಟಿಯ ದನಗಳೆಲ್ಲ ಇದ್ದಕ್ಕಿದ್ದಂತೆ ನಮ್ಮ ಬೀದಿಯಲ್ಲಿ ಸುತ್ತಿಹೋಗತೊಡಗಿದವು. ಬರೀ ಹೋಗುವುದಲ್ಲ, ಮನೆಯ ಮುಂದೆ ನಿಲ್ಲುವುದು! ನಾನು ಕಿಟಕಿಯಿಂದ ನೋಡಿದೆ. ಈರಜ್ಜಿಯ ಮಗ ಕೋಲು ಅಡ್ಡ ಹಿಡಿದು ದನ ತಡೆದಿದ್ದ, ಹಿಂದೆ ಅಜ್ಜಿ ಪಿಸುಗುಡುತ್ತಿದ್ದಳು: "ಒಂದೀಟು ನಿಂದ್ರುಸ್ಲಾ. ಅವು ಮಾಡೋಗಂಟ ಕದ್ಲಿಸ್ಬ್ಯಾಡ. ಮೇಷ್ಟ್ರು ನೋಡುದ್ರೆ ನಿನ್ ಕಾಲಾಗೆ ಮುಳ್ಳು ಚುಚ್ಚೈತೆ ಅನ್ನು, ತಿಳೀತಾ?"

ಚಿಕ್ಕಪ್ಪ ತಲೆ ಬಗ್ಗಿಸಿ ಮಂಕರಿ ತುಂಬಿಕೊಂಡರು. ನೋಡಿದರೋ ಇಲ್ಲವೋ, ನಾನು ಕೇಳಲಿಲ್ಲ. ಕೆಲವು ದಾನಗಳನ್ನು ನೋಡದಿರುವುದೂ ಒಂದು ಡೀಸೆನ್ಸಿ.

ಸಂಕ್ರಾಂತಿಯ ಹೊತ್ತಿಗೆ ಪೈಪು ಬಂತು. ಮುಂದಿನ ಬೇಸಿಗೆಗೆ ನಾನು ಹೋದಾಗ ಚಿಕ್ಕಮ್ಮನ ಕೆಮ್ಮು ಬಹುಪಾಲು ಇಳಿದಿತ್ತು, ಅಡುಗೆಮನೆಯ ಗೋಡೆಗೆ ಸುಣ್ಣ ಬಿದ್ದಿತ್ತು. ಗೋಬರ್ ಗ್ಯಾಸಿನ ಉರಿ ತೆಳು ನೀಲಿ, ಹಗಲು ಬೆಳಕಿನಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಚಿಕ್ಕಮ್ಮ ಬೆಳಿಗ್ಗೆ ಸಂಜೆ ಕಡ್ಡಿ ಗೀರಿ, "ರೀ, ಹತ್ತಿತಾ ನೋಡಿ ಬನ್ನಿ, ನನ್ನ ಕಣ್ಣಿಗೆ ತಿಳಿಯಲ್ಲ" ಎಂದು ಕೂಗುವರು. ಚಿಕ್ಕಪ್ಪ ಪೇಪರು ಮಡಿಸಿಟ್ಟು ಬಂದು, ಬಗ್ಗಿ ನೋಡಿ, "ಹತ್ತಿದೆ ಕಣೇ" ಎನ್ನುವರು. ಬಂದವರು ಹಾಗೇ ಮಣೆ ಎಳೆದುಕೊಂಡು ಕೂರುವರು, ಹುರುಳಿಕಾಯಿ ನಾರು ತೆಗೆಯುವರು, ಪಾವಗಡದ ಸ್ಕೂಲಿನ ಕಥೆ ಹೇಳುವರು.

ನನಗೆ ಯೋಚನೆಯಾಯಿತು. ಚಿಕ್ಕಪ್ಪ ಹೊರಗೆ ಹೋದಾಗ, "ಚಿಕ್ಕಮ್ಮ, ನನ್ನ ಜೊತೆ ಬೆಂಗಳೂರಿಗೆ ಬನ್ನಿ. ಒಳ್ಳೆಯ ಐ ಸ್ಪೆಷಲಿಸ್ಟಿಗೆ ತೋರಿಸೋಣ" ಎಂದೆ.

ಚಿಕ್ಕಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಸೂಜಿಗೆ ದಾರ ಪೋಣಿಸ್ತೀನಿ ಕಣೇ ನಾನು. ಕಣ್ಣಿಗೇನಾಗಿದೆ? ಮದುವೆಯಾದಾಗಿನಿಂದ ಆ ಹೊಗೇಲಿ ಒಬ್ಬಳೇ ಕೂತಿದ್ದೆ. ಬಾ ಅಂದರೂ ಯಾರು ಬರ್ತಾರೆ, ಆ ಹೊಗೆಗೆ? ಈಗ ಇವರು ಬಂದು ಕೂರಬಹುದು. ಕರೆಯೋಕೆ ನನಗೊಂದು ನೆಪ ಬೇಡವೇನೇ?"

ಇಬ್ಬರೂ ಹೋಗಿ ಬಹಳ ವರ್ಷವಾಯಿತು, ಆದ್ದರಿಂದ ಈಗ ಹೇಳುತ್ತಿದ್ದೇನೆ. ಆ ಸಂಜೆ ಚಿಕ್ಕಪ್ಪ ಹಿಂತಿರುಗಿದ ಮೇಲೆ ಚಿಕ್ಕಮ್ಮ ಕಡ್ಡಿ ಗೀರಿದರು. ಒಲೆಯ ಸುತ್ತ ನೀಲಿ ಉರಿ ದುಂಡಗೆ ಅರಳಿತು. ನಾನು ನೋಡಿದೆ. ನಾನು ನೋಡಿದ್ದನ್ನು ಚಿಕ್ಕಮ್ಮ ನೋಡಿದರು.

"ರೀ" ಎಂದು ಕೂಗಿದರು, "ಹತ್ತಿತಾ ನೋಡಿ ಬನ್ನಿ."

ನಡುಮನೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.