ಒಲೆದೇವರ ಮಿಠಾಯಿ

ತಟ್ಟೆಯಲ್ಲಿ ಎರಡೇ ಅಂಟುಮಿಠಾಯಿ ಇದ್ದವು. ಒಂದನ್ನು ಚುನ್‌ಯಾ ತಿಂದಳು, ಇನ್ನೊಂದನ್ನು ಅಂಗಿಯ ತೋಳೊಳಗೆ ಬಚ್ಚಿಟ್ಟಳು. ಎರಡೂ ಒಲೆದೇವರಿಗೆಂದು ಇಟ್ಟಿದ್ದವು.

ವರ್ಷದ ಕೊನೆಗೆ ಒಲೆದೇವರೆಲ್ಲ ಮನೆಮನೆಯ ವರದಿ ಹೊತ್ತು ಸ್ವರ್ಗದ ಜೇಡ್ ಚಕ್ರವರ್ತಿಯ ಬಳಿಗೆ ಹೊರಡುವ ದಿನ ಅದು. ತುಟಿಗೆ ಮಿಠಾಯಿ ಮೆತ್ತಿ ಕಳಿಸಿದರೆ ದೇವರ ಬಾಯಿ ಅಂಟಿಕೊಳ್ಳುತ್ತದೆ, ಮನೆಯ ಗುಟ್ಟು ಮನೆಯಲ್ಲೇ ಉಳಿಯುತ್ತದೆ.

"ಮೆತ್ತಿದ್ಯೇನೇ?" ಎಂದಳು ಕಣ್ಣು ಮಂಜಾದ ಅಜ್ಜಿ.

"ಹೂಂ ಅಜ್ಜಿ."

ದೇವರನ್ನು ಹೊಗೆಯೊಂದಿಗೆ ಮೇಲಕ್ಕೆ ಕಳಿಸಲು ಅಜ್ಜಿ ಅವರ ಕಾಗದದ ಚಿತ್ರಕ್ಕೆ ಬೆಂಕಿ ಹಚ್ಚಿದಳು. ಕರೆಯದೆ ಬಂದಿದ್ದ ಪಕ್ಕದ ಮನೆಯ ಗೆಂಗ್ ಅತ್ತೆ ಸುಮ್ಮನಿರಬೇಕಲ್ಲ! "ಕುಂಬಾರರ ಮನೇಲಿ ಮರೆತಿದ್ರು. ಅವರ ದೇವರು ಹೋಗಿ ಎಲ್ಲಾ ಒದರಿಬಿಟ್ಟ. ಅವತ್ತಿಂದ ಅವರ ಒಲೆ ಹೊತ್ತಿಲ್ಲ ನೋಡಿ!"

ಒಲೆ ಆರಿದರೆ ಸಂಜೆಯ ಕಡುಬಿನ ಗತಿ? ವರ್ಷವಿಡೀ ಕಾದ ಮಾಂಸದ ಕಡುಬು! ಚುನ್‌ಯಾ ಮಾಡು ಹತ್ತಿ ಹೊಗೆಗೂಡಿಗೆ ಓಡಿದಳು. ಹೊಗೆಯೊಳಗಿಂದ ಕಾಗದದ ಕುದುರೆಯೇರಿ ದೇವರು ಮೇಲೇಳುತ್ತಿದ್ದರು. ಕುದುರೆಯ ಬಾಲ ಹಿಡಿದು ಜೋತುಬಿದ್ದಳು.

"ಬಿಡೇ, ಹರಿದುಹೋಗುತ್ತೆ!"

"ತಾತಾ, ನನ್ನ ವಿಷಯ ಹೇಳ್ಬೇಡಿ!"

"ಹೇಳದೆ? ನೂರು ವರ್ಷಕ್ಕೆ ಇವತ್ತು ಬಾಯಿ ಬಿಟ್ಟಿದ್ದೀನಿ. ಮೊದಲು ನಿನ್ನ ಮಿಠಾಯಿ. ಆಮೇಲೆ ನಿಮ್ಮಜ್ಜಿ ಗೆಂಗ್ ಮನೆ ಕೋಳಿಮೊಟ್ಟೆ ಎತ್ತೋದು. ಆಮೇಲೆ ಆ ಗೆಂಗಮ್ಮ ವಿನೆಗರ್‌ಗೆ ನೀರು ಬೆರೆಸಿ ಮಾರೋದು…"

ಮೋಡ ದಾಟಿದರೂ ಪಟ್ಟಿ ಮುಗಿಯಲಿಲ್ಲ. ಸ್ವರ್ಗದ ಬಾಗಿಲಲ್ಲಿ ಸಾವಿರಾರು ಒಲೆದೇವರು "ಮ್‌ಮ್" ಎನ್ನುತ್ತ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಕಾವಲಿನ ಡ್ರ್ಯಾಗನ್ ಆಕಳಿಸಿದ್ದೇ ತಡ, ಚುನ್‌ಯಾ ದೇವರ ಸಾಲಿನಲ್ಲಿ ಒಳಗೆ ನುಸುಳಿದಳು. ತಮ್ಮ ದೇವರು ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದೇ ಹಾರಿ, ತೋಳಿನ ಮಿಠಾಯಿಯನ್ನು ಅವರ ಬಾಯಿಗೆ ತುರುಕಿದಳು.

"ಮ್‌ಮ್!" ಎಂದರು ದೇವರು. ಚುನ್‌ಯಾಳಿಗೆ ಹೋದ ಜೀವ ಬಂದಂತಾಯಿತು.

ಚಕ್ರವರ್ತಿ ಕೆನ್ನೆಗೆ ಕೈಕೊಟ್ಟು ಕೂತಿದ್ದ. "ಈ ವರ್ಷವೂ ಬರೀ ಮ್‌ಮ್‌ ತಾನೆ? ಅಲ್ಲ, ಅದ್ಯಾರು ಬಾಯಿ ತೆರ್ಕೊಂಡು ನಿಂತಿರೋದು?"

ಸಾವಿರಾರು ಬೆರಳು ಚುನ್‌ಯಾಳತ್ತ ತಿರುಗಿದವು.

"ನೀನೇ ಹೇಳಮ್ಮ."

ಆ ಸಭೆಯಲ್ಲಿ ಸುಳ್ಳು ನಾಲಿಗೆಗೇ ಬಾರದು. ಮಿಠಾಯಿ, ಮೊಟ್ಟೆ, ವಿನೆಗರ್, ಎಲ್ಲವೂ ಅವಳ ಬಾಯಿಂದಲೇ ಉದುರಿದವು. ಚಕ್ರವರ್ತಿ ತೊಡೆ ತಟ್ಟಿ ನಕ್ಕ. "ಭೇಷ್! ನಿಮ್ಮ ಒಲೆ ಉರೀಲಿ, ಹೋಗು. ಇನ್ನು ವರ್ಷಾವರ್ಷ ನಿಮ್ಮ ಓಣಿಯ ವರದಿ ನಿನ್ನದೇ!"

ಹೊಗೆಗೂಡಿನಿಂದ ಬೂದಿಗೆ ಬಿದ್ದವಳು ಸಂಭ್ರಮದಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಅಜ್ಜಿ ಹೊಡೆಯಲಿಲ್ಲ. ಅಜ್ಜಿಯೂ ಗೆಂಗ್ ಅತ್ತೆಯೂ ಮುಖ ಮುಖ ನೋಡಿಕೊಂಡರು. ಅತ್ತೆ ಮನೆಗೆ ಓಡಿ ಬೋಗುಣಿ ತುಂಬ ಮಿಠಾಯಿ ತಂದಳು.

"ಬಾಯಿ ತೆಗಿ ಬಂಗಾರಿ."

"ವರದಿ ಮುಂದಿನ ವರ್ಷಕ್ಕಲ್ವಾ ಅತ್ತೆ?"

"ಈಗಿಂದ್ಲೇ ಅಭ್ಯಾಸ ಆಗ್ಲಿ."

ಸುದ್ದಿ ತಿಳಿದು ಇಡೀ ಓಣಿಯೇ ಬೋಗುಣಿ ಹಿಡಿದು ಸಾಲು ನಿಂತಿತು. ಅಷ್ಟರಲ್ಲಿ ಒಲೆಯ ಮೇಲಿಂದ ಕಡುಬು ಇಳಿಯಿತು, ಘಮಘಮ ಎನ್ನುತ್ತ.

"ಬಿಸಿ ಇದೆ, ಬೇಗ ತಿನ್ನು ಮಗಾ," ಎಂದಳು ಅಜ್ಜಿ.

"ಮ್‌ಮ್!" ಎಂದಳು ಚುನ್‌ಯಾ.